ವಾಯಿದೆ ಕೇಳುವ ಮುನ್ನ

(ರಸ್ತೆ ಅಪಘಾತದ ಗಾಯಾಳುಗಳ ಕುಟುಂಬಗಳಿಗಾಗಿ ಕರಾವಳಿಯ ಮಸೀದಿಯೊಂದರ ಸಭಾಂಗಣದಲ್ಲಿ ಏರ್ಪಡಿಸಿದ್ದ ಕಾನೂನು ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ವೇದಿಕೆಗಳಲ್ಲಿ ನ್ಯಾಯಾಲಯದ ಮಾತು ಬಂದಾಗ ನಾವು ಸಾಮಾನ್ಯವಾಗಿ ದೊಡ್ಡ ಮೊಕದ್ದಮೆಗಳನ್ನೇ ನೆನೆಯುತ್ತೇವೆ. ಅಬ್ದುನ್ನಾಸಿರ್ ಮಅದನಿಯವರು 1998ರಲ್ಲಿ ಬಂಧಿತರಾಗಿ, ವಿಚಾರಣಾಧೀನ ಕೈದಿಯಾಗಿ ಒಂಭತ್ತು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು, 2007ರಲ್ಲಿ ಕೊಯಮತ್ತೂರು ಪ್ರಕರಣದಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದ್ದನ್ನು ನಾವು ನೂರು ಸಲ ಹೇಳಿದ್ದೇವೆ. ಹೇಳಬೇಕಾದದ್ದೇ. ಆದರೆ ವಿಚಾರಣೆಯ ವಿಳಂಬವೆಂಬುದು ಸೆರೆಮನೆಯ ಗೋಡೆಯ ಒಳಗೆ ಮಾತ್ರ ಇರುವಂತಹದ್ದಲ್ಲ. ಅದು ನಮ್ಮ ನೆರೆಮನೆಯ ಜಗಲಿಯಲ್ಲಿ ಊರುಗೋಲಿನ ಪಕ್ಕ ಕುಳಿತಿರುತ್ತದೆ. ಅದರ ಕುರಿತು ಯಾರೂ ಠರಾವು ಮಂಡಿಸುವುದಿಲ್ಲ. ಇಂದು ನಾವು ಆ ಸಣ್ಣ ಫೈಲುಗಳ ಕುರಿತು ಮಾತನಾಡಬಯಸುತ್ತೇವೆ. ಅದರಲ್ಲಿಯೂ ಒಂದೇ ಒಂದು ವಿಷಯದ ಕುರಿತು. ಅಪಘಾತದಲ್ಲಿ ಗಾಯಗೊಂಡವನ ಪರಿಹಾರದ ದಾವೆಯಲ್ಲಿ ವಿಚಾರಣೆಯನ್ನು ಮುಂದೂಡಿರೆಂದು ಯಾವಾಗ ಕೇಳಬೇಕು, ಹೇಗೆ ಕೇಳಬೇಕು, ಯಾವಾಗ ಕೇಳಲೇಬಾರದು ಎಂಬ ವಿಷಯ.

ನಾವು ಕೆಲವರು ಭಾನುವಾರಗಳಂದು ಈ ಮಸೀದಿಯ ಪಕ್ಕದ ಕೋಣೆಯಲ್ಲಿ ಕುಳಿತು ಪಡಿತರ ಚೀಟಿ, ವಿಧವಾ ವೇತನ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುತ್ತಿರುವುದು ನಿಮಗೆ ತಿಳಿದೇ ಇದೆ. ಎರಡು ವರ್ಷಗಳ ಹಿಂದೆ ಅಲ್ಲಿಗೆ ಓರ್ವ ಸಹೋದರಿ ಬಂದರು. ಈ ಮಾತನ್ನು ಇಲ್ಲಿ ಹೇಳಲು ಅವರ ಒಪ್ಪಿಗೆಯನ್ನು ಪಡೆದಿದ್ದೇವೆ. ಪತಿ ಮೀನುಗಾರಿಕಾ ಬಂದರಿನಲ್ಲಿ ಲೋಡಿಂಗ್ ಕಾರ್ಮಿಕ. ಸುಬಹಿಗೂ ಮುನ್ನ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟಿದ್ದಾಗ ಹಿಂದಿನಿಂದ ಬಂದ ಪಿಕಪ್ ವಾಹನ ಢಿಕ್ಕಿ ಹೊಡೆದು ಮೊಣಕಾಲಿನ ಕೆಳಗಿನ ಎರಡೂ ಮೂಳೆಗಳು ಮುರಿದಿದ್ದವು. ಕಾಲಿಗೆ ರಾಡು ಹಾಕಿಸಿಕೊಂಡು ಮನೆಗೆ ಬಂದ ಅವರು ಮತ್ತೆಂದೂ ತಲೆಹೊರೆ ಎತ್ತಲಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ದಾಖಲಾಗಿ ನಾಲ್ಕು ವರ್ಷಗಳಾಗಿದ್ದವು.

ಆ ಸಹೋದರಿ ಓದಿದ್ದು ಐದನೆಯ ತರಗತಿ. ಆದರೂ ಮಗಳ ಶಾಲೆಯ ಹಳೆಯ ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ನ್ಯಾಯಾಲಯದ ತಾರೀಕುಗಳನ್ನೆಲ್ಲ ಬರೆದಿಟ್ಟಿದ್ದರು. ಒಟ್ಟು ಇಪ್ಪತ್ತಮೂರು ತಾರೀಕುಗಳು. ಪ್ರತಿಯೊಂದರ ಮುಂದೆಯೂ ಒಂದೇ ಶಬ್ದ: "ಮುಂದಕ್ಕೆ". "ಇನ್ಶೂರೆನ್ಸಿನವರು ಎಳೆಯುತ್ತಿದ್ದಾರೆ ಕಾಕ, ನಾವು ಬಡವರಲ್ಲವೇ" ಎಂದರು. ನಾವೂ ಹಾಗೆಯೇ ನಂಬಿದೆವು. ಆ ಕ್ಷಣದಲ್ಲಿಯೇ ನಮ್ಮೊಳಗೆ ಒಂದು ಭಾಷಣ ಸಿದ್ಧವಾಗಿಬಿಟ್ಟಿತ್ತು ಎಂದರೂ ತಪ್ಪಲ್ಲ.

ಬಳಿಕ ನಮ್ಮಲ್ಲೊಬ್ಬ ತರುಣ ಮೊಬೈಲಿನಲ್ಲಿ ಇ-ಕೋರ್ಟ್ಸ್ ಸೇವೆಯನ್ನು ತೆರೆದ. ದೇಶದ ಜಿಲ್ಲಾ ಹಾಗೂ ತಾಲೂಕು ನ್ಯಾಯಾಲಯಗಳ ಪ್ರತಿಯೊಂದು ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಒಂದು ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಅದನ್ನು ಒತ್ತಿದರೆ ಯಾವ ತಾರೀಕಿನಂದು ಏನು ನಡೆಯಿತೆಂಬುದು ಒಂದೆರಡು ಸಾಲುಗಳಲ್ಲಿ ಕಾಣುತ್ತದೆ. ಇಪ್ಪತ್ತಮೂರರಲ್ಲಿ ವಿಮಾ ಕಂಪೆನಿಯ ವಕೀಲರು ಸಮಯ ಕೇಳಿದ್ದು ಆರು ಸಲ. ನ್ಯಾಯಾಧೀಶರು ರಜೆಯಲ್ಲಿದ್ದುದರಿಂದ ಅಥವಾ ಹುದ್ದೆ ಖಾಲಿಯಿದ್ದುದರಿಂದ ಮುಂದೆ ಹೋದದ್ದು ಐದು ಸಲ. ಉಳಿದ ಹನ್ನೆರಡು ಸಲವೂ ಸಮಯ ಕೇಳಿದ್ದು ಅರ್ಜಿದಾರರ ಕಡೆಯವರೇ. ಅಂದರೆ ನಾವೇ.

ಅರ್ಜಿದಾರ ಗೈರು. ಸಾಕ್ಷಿ ಸಿದ್ಧವಿಲ್ಲ. ವಕೀಲರು ಬೇರೆ ನ್ಯಾಯಾಲಯದಲ್ಲಿದ್ದಾರೆ. ದಾಖಲೆ ಸಿಕ್ಕಿಲ್ಲ. ಒಂದು ಕಡೆ ಹಬ್ಬದ ಕಾರಣವೂ ಇತ್ತು. ಆ ಸಹೋದರನನ್ನು ವಿಚಾರಿಸಿದಾಗ ಕೆಲವು ಸಲ ರಿಕ್ಷಾ ಬಾಡಿಗೆಗೆ ಹಣವಿಲ್ಲದೆ ಹೋಗಲಿಲ್ಲವೆಂದರು. ಕೆಲವು ತಾರೀಕುಗಳು ಇದ್ದವೆಂಬುದೇ ಅವರಿಗೆ ತಿಳಿದಿರಲಿಲ್ಲ. ವಕೀಲರು ಯಾರೆಂಬುದು ಇಲ್ಲಿ ಅಪ್ರಸ್ತುತ. ಅವರೊಬ್ಬರನ್ನೇ ದೂರುವುದರಲ್ಲಿ ಅರ್ಥವೂ ಇಲ್ಲ.

ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಅನಂತರ. ಮೂಳೆ ಸರಿಯಾಗಿ ಕೂಡಿಕೊಂಡಿಲ್ಲ, ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು, ಅದಾದ ಮೇಲಷ್ಟೇ ಶಾಶ್ವತ ಅಂಗವೈಕಲ್ಯ ಎಷ್ಟೆಂದು ಹೇಳಬಹುದು ಎಂದು ವೈದ್ಯರು ತಿಳಿಸಿದ್ದರು. ಆಗ ವಿಚಾರಣೆ ಮುಂದೂಡುವಂತೆ ಕೇಳುವುದು ನೂರಕ್ಕೆ ನೂರು ನ್ಯಾಯವಾಗಿತ್ತು. ಆದರೆ ಬರಹದ ಅರ್ಜಿಯಿಲ್ಲ, ವೈದ್ಯರ ಪತ್ರವಿಲ್ಲ. ಬರಿಯ ಬಾಯಿಮಾತಿನಲ್ಲಿ "ಇನ್ನೊಂದು ವಾಯಿದೆ" ಎಂದರು. ಹನ್ನೆರಡು ಸಲ ಕೇಳಿಸಿಕೊಂಡಿದ್ದ ನ್ಯಾಯಮಂಡಳಿ ಹದಿಮೂರನೆಯ ಸಲ ಒಪ್ಪಲಿಲ್ಲ. ಅರ್ಜಿದಾರರ ಸಾಕ್ಷ್ಯ ಮುಗಿಯಿತೆಂದು ಬರೆಯಿತು. ವೈದ್ಯರ ಸಾಕ್ಷ್ಯವಿಲ್ಲದೆಯೇ ತೀರ್ಪು ಬಂತು. ದುಡಿಮೆಯ ಶಕ್ತಿ ನಷ್ಟದ ಬಾಬತ್ತಿನಲ್ಲಿ ಆ ಮನೆಗೆ ಸಿಕ್ಕಿದ್ದು ಏನೂ ಇಲ್ಲವೆಂಬಷ್ಟು ಅಲ್ಪ.

ಬೇಡದಿದ್ದಾಗ ಹನ್ನೆರಡು ಸಲ ಪಡೆದ ಕಾಲಾವಕಾಶವು ಬೇಕಾದಾಗ ಒಂದು ಸಲವೂ ಸಿಗದಂತೆ ಮಾಡಿತು.

ಸಹೋದರರೇ, ನಮ್ಮ ಕೋರ್ಟು ಕಚೇರಿಗಳ ಕನ್ನಡದಲ್ಲಿ ಅರಬಿ, ಫಾರ್ಸಿ ಶಬ್ದಗಳು ಎಷ್ಟೋ ಇವೆ. ದಾವೆ, ವಕೀಲ, ತಾರೀಕು, ಮುದ್ದತು. ವಾಯಿದೆಯೂ ಅಂತಹದ್ದೇ. ಅದರ ಮೂಲದಲ್ಲಿರುವ ಅರಬಿ ಶಬ್ದದ ಅರ್ಥ 'ವಾಗ್ದಾನ' ಎಂದು. ವಾಯಿದೆ ಕೇಳುವವನು ವಾಸ್ತವದಲ್ಲಿ ಒಂದು ಮಾತು ಕೊಡುತ್ತಿದ್ದಾನೆ: ಇಂದು ಆಗದ ಕೆಲಸವನ್ನು ಇಂತಹ ದಿನ ಮಾಡಿಕೊಡುತ್ತೇನೆಂದು. ಕರಾರನ್ನು ಪಾಲಿಸಿರಿ, ಅದರ ಬಗ್ಗೆ ಪ್ರಶ್ನಿಸಲಾಗುವುದೆಂದು ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಹೇಳಲಾಗಿದೆ. ಆದರೆ ನಮ್ಮ ಬಳಕೆಯಲ್ಲಿ ಈ ಶಬ್ದ ತಲೆಕೆಳಗಾಗಿದೆ. ವಾಯಿದೆ ಎಂದರೆ ಮಾತು ತಪ್ಪಿಸಿಕೊಳ್ಳುವ ಉಪಾಯವೆಂದಾಗಿದೆ.

ಹಾಗಾದರೆ ಸಮಯ ಕೇಳುವುದೇ ತಪ್ಪೇ? ಅಲ್ಲ. ಹಝ್ರತ್ ಉಮರ್(ರ) ಅವರು ಹಝ್ರತ್ ಅಬೂಮೂಸಾ ಅಶ್‌ಅರಿ(ರ) ಅವರಿಗೆ ನ್ಯಾಯದಾನದ ಕುರಿತು ಬರೆದರೆನ್ನಲಾಗುವ ಪತ್ರವು ಪ್ರಸಿದ್ಧವಾಗಿದೆ. ಇಮಾಮ್ ಇಬ್ನುಲ್ ಖಯ್ಯಿಮ್‌ರು ತಮ್ಮ 'ಇಅ್‌ಲಾಮುಲ್ ಮುವಖ್ಖಿಈನ್' ಗ್ರಂಥದಲ್ಲಿ ಅದಕ್ಕೆ ಸುದೀರ್ಘ ವಿವರಣೆ ಬರೆದಿದ್ದಾರೆ. ಕಕ್ಷಿದಾರರನ್ನು ಮುಖಭಾವದಲ್ಲಿಯೂ ಆಸನದಲ್ಲಿಯೂ ಸಮಾನವಾಗಿ ಕಾಣಬೇಕೆಂಬ ಅದರ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅದೇ ಪತ್ರದಲ್ಲಿ ವಾಯಿದೆಯ ಕುರಿತೂ ಒಂದು ಮಾತಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ತನ್ನ ಬಳಿ ಸದ್ಯ ಇಲ್ಲದಿರುವ ಹಕ್ಕನ್ನೋ ಸಾಕ್ಷ್ಯವನ್ನೋ ತರುವೆನೆನ್ನುವವನಿಗೆ ಒಂದು ಅವಧಿಯನ್ನು ಗೊತ್ತುಪಡಿಸಬೇಕು. ಅವನು ಸಾಕ್ಷ್ಯ ತಂದರೆ ಅವನ ಹಕ್ಕು ಅವನಿಗೆ ಸಲ್ಲಬೇಕು. ತರದಿದ್ದರೆ ಅವನ ವಿರುದ್ಧ ತೀರ್ಪಾಗಬೇಕು. ಇದು ಅದರ ತಾತ್ಪರ್ಯ. ಕಾಲಾವಕಾಶ ಕೊಡಬೇಕೆಂಬುದೂ ಅದರಲ್ಲಿದೆ, ಅದಕ್ಕೊಂದು ಕೊನೆ ಇರಬೇಕೆಂಬುದೂ ಇದೆ.

ನಮ್ಮ ದೇಶದ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೆಯ ಆದೇಶವು ಹೇಳುವುದು ಇದಕ್ಕಿಂತ ಬಹಳ ಬೇರೆಯಲ್ಲ. ತಕ್ಕ ಕಾರಣವಿದ್ದರೆ ವಿಚಾರಣೆಯನ್ನು ಮುಂದೂಡಬಹುದು, ಆದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. 1999ರ ತಿದ್ದುಪಡಿಯ ಮೂಲಕ ಸೇರಿ 2002ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ದಾವೆಯ ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡತಕ್ಕದ್ದಲ್ಲ. ವಕೀಲರು ಇನ್ನೊಂದು ನ್ಯಾಯಾಲಯದಲ್ಲಿ ಕೆಲಸದಲ್ಲಿದ್ದಾರೆಂಬುದು ಕಾರಣವೇ ಅಲ್ಲ. ಸಾಕ್ಷಿ ಹಾಜರಿದ್ದು ವಕೀಲರು ಸಿದ್ಧರಿಲ್ಲದಿದ್ದರೆ ನ್ಯಾಯಾಲಯವು ತಾನೇ ಆ ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳಬಹುದು. ವಿಳಂಬ ಮಾಡಿದವನಿಂದ ಎದುರು ಪಕ್ಷಕ್ಕೆ ಖರ್ಚು ಕೊಡಿಸಬಹುದು. ಮೋಟಾರು ವಾಹನ ಕಾಯ್ದೆಯ 169ನೆಯ ಕಲಮಿನ ಪ್ರಕಾರ ನ್ಯಾಯಮಂಡಳಿಯದ್ದು ಸಂಕ್ಷಿಪ್ತ ವಿಚಾರಣೆ. ಅದು ಸಾಮಾನ್ಯ ದಾವೆಗಿಂತ ಬೇಗ ಮುಗಿಯಬೇಕಾದದ್ದು. ಆದರೂ ವಾಯಿದೆಯ ಪ್ರಶ್ನೆ ಬಂದಾಗ ಅಲ್ಲಿಯೂ ನೋಡುವುದು ಇದೇ ತತ್ವದ ಕಡೆಗೆ.

ಮೂರೆಂಬ ಈ ಮಿತಿಯನ್ನು ವಕೀಲರ ಸಂಘವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತ್ತು. 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಆದರೆ ಮನುಷ್ಯನ ಕೈಮೀರಿದ ವಿಪತ್ತುಗಳಲ್ಲಿ ಮೂರನ್ನು ದಾಟಬೇಕಾಗಬಹುದೆಂದೂ ಹೇಳಿತು. ಅದಕ್ಕೆ ಕೊಟ್ಟ ಉದಾಹರಣೆಗಳನ್ನು ಗಮನಿಸಬೇಕು: ಭೋಪಾಲದ ಅನಿಲ ದುರಂತ, ಗುಜರಾತಿನ ಭೂಕಂಪ ಮತ್ತು ಗಲಭೆಗಳು, ಸುನಾಮಿ. ಊರೇ ಸುಟ್ಟು ಹೋದವನಿಗೆ ಸಾಕ್ಷಿ ತರಲು ಕಾಲ ಬೇಕೆಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿದೆ. ಅಂತಹ ಸಂದರ್ಭಗಳಿಗಾಗಿ ತೆರೆದಿಟ್ಟ ಬಾಗಿಲಲ್ಲಿ ನಾವು "ವಕೀಲರಿಗೆ ಪುರುಸೊತ್ತಿಲ್ಲ" ಎಂದು ನುಗ್ಗುತ್ತಿದ್ದೇವೆ. 2011ರಲ್ಲಿ ಶಿವ್ ಕೋಟೆಕ್ಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ವಾಯಿದೆಗಳ ಹಾವಳಿಯನ್ನು ನ್ಯಾಯವ್ಯವಸ್ಥೆಯ ದೇಹವನ್ನೇ ತಿನ್ನುತ್ತಿರುವ ಅರ್ಬುದಕ್ಕೆ ಹೋಲಿಸಿತು. 2016ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಗಾಯತ್ರಿ ವಿರುದ್ಧ ಗಿರೀಶ್ ಪ್ರಕರಣದಲ್ಲಿಯೂ ಪಾಟೀ ಸವಾಲಿಗೆಂದು ಮೇಲಿಂದ ಮೇಲೆ ಸಮಯ ಕೇಳಿದವರನ್ನು ಕಟುವಾಗಿ ಖಂಡಿಸಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಯಾಳುವಿನ ದಾವೆಗೂ ಇತರ ದಾವೆಗಳಿಗೂ ಒಂದು ವ್ಯತ್ಯಾಸವಿದೆ. ಜಮೀನಿನ ವ್ಯಾಜ್ಯದಲ್ಲಿ ಜಮೀನು ಇದ್ದಲ್ಲೇ ಇರುತ್ತದೆ. ಗಾಯಾಳುವಿನ ದಾವೆಯಲ್ಲಿ ವಿಚಾರಣೆಯ ವಸ್ತು ಅವನ ದೇಹ. ಅದು ದಿನದಿನಕ್ಕೆ ಬದಲಾಗುತ್ತಿರುತ್ತದೆ. ಬೇಗ ತೀರ್ಪಾದರೆ ಮುಂದೆ ಬರಲಿರುವ ಶಸ್ತ್ರಚಿಕಿತ್ಸೆ, ಕೂಡದ ಮೂಳೆ, ಮಡಚಲಾಗದ ಮೊಣಕಾಲು ಲೆಕ್ಕಕ್ಕೆ ಸಿಗದೆ ಹೋಗಬಹುದು. ತಡವಾಗಿ ತೀರ್ಪಾದರೆ ಅಷ್ಟರೊಳಗೆ ಹೆಂಡತಿಯ ಕೊರಳಲ್ಲಿದ್ದದ್ದು ಅಡವಿಗೆ ಹೋಗಿ, ಮಗ ಶಾಲೆ ಬಿಟ್ಟು ಮೀನಿನ ಬುಟ್ಟಿ ಹೊರುತ್ತಿರುತ್ತಾನೆ. ಹೀಗಿರುವುದರಿಂದಲೇ ಇಲ್ಲಿ ಕಾಲದ ಲೆಕ್ಕವನ್ನು ಬಹಳ ಎಚ್ಚರದಿಂದ ಇಡಬೇಕಾಗಿದೆ.

2010ರಲ್ಲಿ ಸುಪ್ರೀಂ ಕೋರ್ಟು ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ಗಾಯಾಳುವೂ ತಿಳಿದಿರಬೇಕು. ಕರ್ನಾಟಕದ ಹೈಕೋರ್ಟಿನಿಂದ ಮೇಲೆ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಆ ಪೀಠದಲ್ಲಿದ್ದರು. ಅಂಗಕ್ಕಾದ ಊನದ ಶೇಕಡಾವಾರು ಬೇರೆ, ದುಡಿಮೆಗಾದ ನಷ್ಟದ ಶೇಕಡಾವಾರು ಬೇರೆ ಎಂದು ಅದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಜೀವನೋಪಾಯವೇ ಹೆಚ್ಚುಕಡಿಮೆ ಪೂರ್ತಿಯಾಗಿ ಹೋದಂತೆ. ಅದೇ ಸರಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಅವನ ನೌಕರಿ ಉಳಿಯಬಹುದು. ಬಂದರಿನಲ್ಲಿ ಹೊರೆ ಹೊರುವವನ ಕಾಲಿಗೂ ಇದೇ ಲೆಕ್ಕ. ಆದರೆ ಇದನ್ನು ಸಾಬೀತುಪಡಿಸಲು ವೈದ್ಯರು ಬಂದು ಸಾಕ್ಷ್ಯ ನುಡಿಯಬೇಕು. ಬರಿಯ ಪ್ರಮಾಣಪತ್ರದ ಕಾಗದ ಸಾಲದು. ವೈದ್ಯರ ಸಮಯ ಅಮೂಲ್ಯವಾದದ್ದು, ಅವರನ್ನು ದಿನವಿಡೀ ಕಾಯಿಸಬಾರದು, ಅವರ ಸಾಕ್ಷ್ಯಕ್ಕೆ ನಿರ್ದಿಷ್ಟ ವೇಳೆ ಕೊಡಬೇಕು ಅಥವಾ ಕಮಿಷನರರ ಮೂಲಕ ಪಡೆಯಬೇಕು ಎಂದೂ ಆ ತೀರ್ಪು ಸೂಚಿಸಿದೆ. ಅಂದರೆ ವೈದ್ಯರು ಬಂದಿಲ್ಲವೆಂದು ವಾಯಿದೆ ಕೇಳುವ ಬದಲು, ವೈದ್ಯರ ಆಸ್ಪತ್ರೆಯಲ್ಲಿಯೇ ಸಾಕ್ಷ್ಯ ಬರೆದುಕೊಳ್ಳಿರೆಂದು ಕೇಳಲು ನಮಗೆ ದಾರಿ ಇದೆ. ನಾವು ನೋಡಿದ ಎಷ್ಟು ಫೈಲುಗಳಲ್ಲಿ ಈ ಅರ್ಜಿ ಇತ್ತು? ಒಂದರಲ್ಲಿಯೂ ಇರಲಿಲ್ಲ.

ಆದ್ದರಿಂದ, ಚಿಕಿತ್ಸೆ ಮುಗಿದಿಲ್ಲ, ಊನ ಎಷ್ಟೆಂದು ವೈದ್ಯರು ಇನ್ನೂ ಹೇಳಲಾರರು ಎಂದಾದರೆ ವಾಯಿದೆ ಕೇಳಿರಿ. ಧೈರ್ಯವಾಗಿ ಕೇಳಿರಿ. ಗಾಯಾಳು ಆಸ್ಪತ್ರೆಯಲ್ಲಿ ಮಲಗಿದ್ದರೆ ಕೇಳಿರಿ. ವಕೀಲರು ತೀರಿಕೊಂಡು ಹೊಸಬರನ್ನು ನೇಮಿಸಬೇಕಾಗಿದ್ದರೆ ಕೇಳಿರಿ. ಆದರೆ ಬಾಯಿಮಾತಿನಲ್ಲಿ ಅಲ್ಲ. ಲಿಖಿತ ಅರ್ಜಿ ಇರಲಿ, ಅದರ ಜೊತೆ ಅಫಿದವಿತ್ ಇರಲಿ. ವೈದ್ಯರ ಪತ್ರದಲ್ಲಿ ಶಸ್ತ್ರಚಿಕಿತ್ಸೆಯ ದಿನಾಂಕ, ಗುಣವಾಗಲು ಬೇಕಾಗುವ ಅಂದಾಜು ತಿಂಗಳುಗಳು, ಊನವನ್ನು ಅಳೆಯಬಹುದಾದ ಸಮಯ ಇವಿಷ್ಟು ಸ್ಪಷ್ಟವಾಗಿರಲಿ. "ಸ್ವಲ್ಪ ಸಮಯ" ಎಂದು ಕೇಳಬೇಡಿರಿ. ಇಂತಹ ತಿಂಗಳವರೆಗೆ ಎಂದು ಕೇಳಿರಿ. ಅರ್ಜಿಯ ಪ್ರತಿಯನ್ನು ಎದುರು ವಕೀಲರಿಗೆ ಮುಂಚಿತವಾಗಿ ತಲುಪಿಸಿರಿ. ಎಷ್ಟೋ ಸಲ ಅವರೂ ಆಕ್ಷೇಪವಿಲ್ಲವೆಂದು ಬರೆದುಕೊಡುತ್ತಾರೆ. ನಿಮ್ಮ ಎದುರಾಳಿಯ ಪರವಾಗಿರುವವರೆಲ್ಲ ಶತ್ರುಗಳಲ್ಲ. ಆ ಅವಧಿಯಲ್ಲಿ ಮಾಡಬಹುದಾದ ಬೇರೆ ಕೆಲಸಗಳನ್ನು ನಿಲ್ಲಿಸಬೇಡಿರಿ. ಅಪಘಾತ ಹೇಗಾಯಿತೆಂದು ಕಂಡವನ ಸಾಕ್ಷ್ಯ, ಆಸ್ಪತ್ರೆಯ ಬಿಲ್ಲುಗಳು, ದುಡಿಮೆಯ ಪುರಾವೆ ಇವಕ್ಕೆ ಮೂಳೆ ಕೂಡಿಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಗಾಯಾಳು ನಡೆಯಲಾರದವನಾದರೆ ಮನೆಗೇ ಬಂದು ಅವನ ಹೇಳಿಕೆ ಪಡೆಯಲು ಕಮಿಷನರರನ್ನು ನೇಮಿಸುವಂತೆಯೂ ಕೋರಬಹುದು.

ಸುಳ್ಳಿನ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಇದು ಕೆಲವರಿಗೆ ಹಿತವಾಗದು. ಮದುವೆಗೆ ಹೋಗಲಿಕ್ಕೆಂದು ಜ್ವರದ ಸರ್ಟಿಫಿಕೇಟು ತರುವವರಿದ್ದಾರೆ. ಗಲ್ಫಿನಿಂದ ಬಂದ ಭಾವನ ಜೊತೆ ತಿರುಗಾಟಕ್ಕೆ ಹೋದವನ ಹೆಸರಿನಲ್ಲಿ "ಹಾಸಿಗೆ ಹಿಡಿದಿದ್ದಾನೆ" ಎಂದು ನ್ಯಾಯಾಲಯಕ್ಕೆ ಹೇಳಿಸಿದ್ದನ್ನು ನಾವು ಬಲ್ಲೆವು. ರಮಝಾನ್ ಬಂತೆಂದರೆ ಇಡೀ ತಿಂಗಳ ತಾರೀಕುಗಳನ್ನು ಮುಂದೆ ಹಾಕಿಸುವ ಪದ್ಧತಿಯೂ ನಮ್ಮಲ್ಲಿದೆ. ಬದ್ರ್ ನಡೆದದ್ದು ರಮಝಾನಿನಲ್ಲಿ ಎಂದು ಪ್ರತಿವರ್ಷ ಹದಿನೇಳರಂದು ಭಾಷಣ ಕೇಳುವ ನಾವು, ಉಪವಾಸವಿದ್ದುಕೊಂಡು ನ್ಯಾಯಾಲಯದ ಬೆಂಚಿನಲ್ಲಿ ಎರಡು ತಾಸು ಕೂರಲಾರೆವೆಂದು ಹೇಳುವುದು ಯಾವ ಧರ್ಮಶ್ರದ್ಧೆ? ಸುಳ್ಳು ಸಾಕ್ಷ್ಯವನ್ನು ಪ್ರವಾದಿ ಮುಹಮ್ಮದ್(ಸ)ರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ವಾಯಿದೆಗಾಗಿ ಹೇಳಿದ ಸುಳ್ಳೂ ನ್ಯಾಯಾಸನದ ಮುಂದೆ ಹೇಳಿದ ಸುಳ್ಳೇ. ಅಲ್ಲದೆ, ಅದು ನಿಜವಾಗಿ ಜ್ವರ ಬಂದವನ ಮಾತನ್ನೂ ಸಂಶಯಕ್ಕೆ ಗುರಿ ಮಾಡುತ್ತದೆ.

ಎದುರು ಪಕ್ಷವನ್ನು ನಾವು ಸುಮ್ಮನೆ ಬಿಡುತ್ತಿಲ್ಲ. ಕೊಡಲು ಶಕ್ತಿಯುಳ್ಳವನು ಕೊಡಬೇಕಾದದ್ದನ್ನು ತಡಮಾಡುವುದು ಅಕ್ರಮವೆಂದು ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಬಂದಿರುವ ಹದೀಸ್ ಇದೆ. ಕಷ್ಟದಲ್ಲಿರುವ ಸಾಲಗಾರನಿಗೆ ಅವನ ಸ್ಥಿತಿ ಸುಧಾರಿಸುವವರೆಗೆ ಅವಕಾಶ ಕೊಡಿರೆಂದು ಅಲ್‌ಬಖರಃದ 280ನೆಯ ಸೂಕ್ತ ಹೇಳುತ್ತದೆ. ಆ ಔದಾರ್ಯ ಬಡವನಿಗೆ ಮೀಸಲಾದದ್ದು. ಕೋಟ್ಯಂತರ ರೂಪಾಯಿ ಪ್ರೀಮಿಯಂ ಸಂಗ್ರಹಿಸುವ ವಿಮಾ ಕಂಪೆನಿ ಕಡತ ಸಿಕ್ಕಿಲ್ಲವೆಂದು ಸಮಯ ಕೇಳಿದಾಗ ಅದಕ್ಕೆ ಈ ಔದಾರ್ಯದ ಹಕ್ಕಿಲ್ಲ. ಆಗ ನಿಮ್ಮ ವಕೀಲರು ಎದ್ದು ನಿಂತು ಆಕ್ಷೇಪಿಸಬೇಕು, ಖರ್ಚು ಕೇಳಬೇಕು, ಆಕ್ಷೇಪವು ಆರ್ಡರ್ ಶೀಟಿನಲ್ಲಿ ಬರುವಂತೆ ನೋಡಿಕೊಳ್ಳಬೇಕು. ಇಂದು ನೀವು ಒಪ್ಪಿರಿ, ನಾಳೆ ನಾವು ಒಪ್ಪುತ್ತೇವೆ ಎಂಬ ವಕೀಲರೊಳಗಿನ ಸೌಜನ್ಯಕ್ಕೆ ಬೆಲೆ ತೆರುವವನು ಜಗಲಿಯಲ್ಲಿ ಕುಳಿತ ಗಾಯಾಳು. ಇಲ್ಲಿರುವ ವಕೀಲ ಮಿತ್ರರು ಬೇಸರಿಸಬಾರದು.

"ತಡವಾದರೇನಂತೆ, ಬಡ್ಡಿ ಸೇರಿ ಬರುತ್ತದಲ್ಲ" ಎಂದು ಸಮಾಧಾನ ಹೇಳುವವರಿದ್ದಾರೆ. 171ನೆಯ ಕಲಮಿನ ಪ್ರಕಾರ ಅರ್ಜಿ ಸಲ್ಲಿಸಿದ ದಿನದಿಂದ ಸರಳ ಬಡ್ಡಿ ಕೊಡಿಸುವುದು ನ್ಯಾಯಮಂಡಳಿಯ ವಿವೇಚನೆಗೆ ಬಿಟ್ಟದ್ದು. ಅರ್ಜಿದಾರನೇ ವಿಳಂಬಕ್ಕೆ ಕಾರಣನಾದರೆ ಆ ವಿವೇಚನೆ ಬೇರೆ ರೀತಿಯಲ್ಲಿಯೂ ಚಲಾವಣೆಯಾಗಬಹುದು. ಆ ಹಣದ ಧಾರ್ಮಿಕ ವಿಧಿಯನ್ನು ವೇದಿಕೆಯಲ್ಲಿರುವ ಉಲೆಮಾಗಳಲ್ಲಿ ಕೇಳಿರಿ, ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ಸಮುದಾಯವೊಂದು ತನ್ನ ಆಲಸ್ಯಕ್ಕೆ ಬಡ್ಡಿಯಲ್ಲಿಯೇ ಸಾಂತ್ವನ ಹುಡುಕುವುದು ವಿಚಿತ್ರವೆಂಬುದನ್ನು ಹೇಳಲು ಫತ್ವಾ ಬೇಕಿಲ್ಲ.

ಇನ್ನು ಆಳುವವರ ಹೊಣೆ. ನಮ್ಮ ಫೈಲಿನಲ್ಲಿ ಐದು ವಾಯಿದೆಗಳು ನ್ಯಾಯಾಧೀಶರಿಲ್ಲದ ಕಾರಣದಿಂದ ಆದವು. ತಾಲೂಕು, ಜಿಲ್ಲೆಗಳಲ್ಲಿ ಈ ನ್ಯಾಯಮಂಡಳಿಯ ಕೆಲಸವನ್ನು ಮಾಡುವವರು ಹೆಚ್ಚಾಗಿ ಬೇರೆ ಮೊಕದ್ದಮೆಗಳ ಹೊರೆಯನ್ನೂ ಹೊತ್ತ ಅದೇ ಸಿವಿಲ್ ನ್ಯಾಯಾಧೀಶರು. 2015ರಲ್ಲಿ ಕೇಂದ್ರ ಸರಕಾರವು ವಾಣಿಜ್ಯ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಾಲಯಗಳ ಕಾಯ್ದೆ ತಂದಿತು. ಅಲ್ಲಿ ವಿಚಾರಣೆಯ ವೇಳಾಪಟ್ಟಿಯನ್ನು ಮೊದಲೇ ನಿಗದಿಪಡಿಸುವ ವ್ಯವಸ್ಥೆ ಇದೆ, ಪ್ರತಿವಾದ ಸಲ್ಲಿಸಲು 120 ದಿನಗಳ ಕೊನೆಯ ಗಡುವಿದೆ. 2018ರಲ್ಲಿ ಮೂರು ಲಕ್ಷ ರೂಪಾಯಿಯ ವ್ಯಾಪಾರದ ತಕರಾರಿಗೂ ಅದನ್ನು ವಿಸ್ತರಿಸಲಾಯಿತು. ವ್ಯಾಪಾರಿಯ ಹಣಕ್ಕೆ ಇಷ್ಟು ಅವಸರವಿರುವ ಸರಕಾರಕ್ಕೆ ಕೂಲಿಯವನ ಕಾಲಿನ ಬಗ್ಗೆಯೂ ಸ್ವಲ್ಪ ಅವಸರವಿರಬೇಡವೇ ಎಂದು ನಮ್ಮ ಶಾಸಕರನ್ನು ಕೇಳಬೇಕು. ಮತ ಕೇಳಲು ಬಂದಾಗ ಕಬರಸ್ತಾನದ ಆವರಣಗೋಡೆಯೊಂದನ್ನೇ ಕೇಳುವ ಅಭ್ಯಾಸ ನಮಗಿದೆ. ಖಾಲಿ ಬಿದ್ದ ನ್ಯಾಯಾಧೀಶರ ಹುದ್ದೆಯ ಬಗ್ಗೆಯೂ ಕೇಳೋಣ.

ಕಾನೂನು ಸುಧಾರಿಸಲೇ ಇಲ್ಲವೆಂದಲ್ಲ. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮಗಳಂತೆ ಅಪಘಾತದ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅದೇ ವರ್ಷ ಡಿಸೆಂಬರಿನಲ್ಲಿ ಗೋಹರ್ ಮುಹಮ್ಮದ್ ಪ್ರಕರಣದಲ್ಲಿ, ನಮ್ಮ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು ಇದನ್ನು ದೇಶದಾದ್ಯಂತ ಕಟ್ಟುನಿಟ್ಟಾಗಿ ಪಾಲಿಸುವಂತೆ ನಿರ್ದೇಶನ ನೀಡಿತು. ದಾಖಲೆ ಸಿಕ್ಕಿಲ್ಲವೆಂಬ ವಾಯಿದೆಗಳನ್ನು ಇದರಿಂದ ತಪ್ಪಿಸಬಹುದು. ಠಾಣೆಗೆ ಹೋಗಿ ವರದಿ ಸಲ್ಲಿಕೆಯಾಯಿತೇ ಎಂದು ವಿಚಾರಿಸುವವರು ಬೇಕಷ್ಟೆ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕೆಂಬ ನಿಬಂಧನೆಯೂ ಅದೇ ತಿದ್ದುಪಡಿಯೊಂದಿಗೆ ಬಂದಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆಯೆಂಬ ಭರವಸೆಯಲ್ಲಿ ಯಾರೂ ಕೈಕಟ್ಟಿ ಕೂರಬಾರದು. ಅರ್ಜಿ ಸಲ್ಲಿಸಿದ ಮೇಲೆ ವಿಚಾರಣೆಗೆ ಸಮಯ ಕೇಳಬಹುದು. ಅರ್ಜಿ ಸಲ್ಲಿಸುವುದಕ್ಕೇ ಸಮಯ ಕಳೆದರೆ ಕೇಳಲು ಏನೂ ಉಳಿಯದು.

ತಾರೀಕಿಗೆ ಹೋಗದೆ ಅರ್ಜಿ ವಜಾ ಆಗಿದ್ದರೆ ಅದೂ ಅಂತ್ಯವಲ್ಲ. ಮೂವತ್ತು ದಿನಗಳೊಳಗೆ, ತಕ್ಕ ಕಾರಣ ತೋರಿಸಿ, ಅದನ್ನು ಮತ್ತೆ ಫೈಲಿಗೆ ತೆಗೆದುಕೊಳ್ಳುವಂತೆ ಕೋರಬಹುದು. ವಕೀಲರ ಫೀಸಿಗೆ ಹಣವಿಲ್ಲದ ಕಾರಣಕ್ಕೆ ತಾರೀಕುಗಳು ತಪ್ಪುತ್ತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನಿಗದಿತ ವರಮಾನಕ್ಕಿಂತ ಕೆಳಗಿರುವವರಿಗೆ 1987ರ ಕಾಯ್ದೆಯಂತೆ ಅಲ್ಲಿ ಉಚಿತ ವಕೀಲರು ದೊರೆಯುತ್ತಾರೆ. ಲೋಕ ಅದಾಲತ್ತಿನ ಕುರಿತು ಒಂದೇ ಮಾತು: ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ತಾರೀಕುಗಳಿಂದ ಬೇಸತ್ತು, ಚಿಕಿತ್ಸೆ ಬಾಕಿ ಇರುವಾಗಲೇ ಬಂದಷ್ಟಕ್ಕೆ ಸಹಿ ಹಾಕಿದವರನ್ನು ನಾವು ಕಂಡಿದ್ದೇವೆ.

ಆ ಸಹೋದರಿಯ ವಿಷಯ ಏನಾಯಿತೆಂದು ಕೇಳುತ್ತೀರಿ. ತೀರ್ಪಿನ ದಿನದಿಂದ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಅವರು ನಮ್ಮಲ್ಲಿಗೆ ಬಂದಾಗ ಎಪ್ಪತ್ತೊಂದನೆಯ ದಿನ. ಮೇಲ್ಮನವಿ ಸಲ್ಲಿಕೆಯಾಗಿದೆ, ವೈದ್ಯರ ಸಾಕ್ಷ್ಯವನ್ನು ಸ್ವೀಕರಿಸಬೇಕೆಂಬ ಅರ್ಜಿಯೂ ಅದರ ಜೊತೆಗಿದೆ. ಎರಡನೆಯ ಶಸ್ತ್ರಚಿಕಿತ್ಸೆ ಜಮಾಅತಿನ ಕೆಲವರ ನೆರವಿನಿಂದ ನಡೆಯಿತು. ಸಹೋದರನು ಈಗ ಊರುಗೋಲಿಲ್ಲದೆ ಮಸೀದಿಗೆ ಬರುತ್ತಾರೆ, ಆದರೆ ಕುರ್ಚಿಯಲ್ಲಿ ಕುಳಿತೇ ನಮಾಝ್ ಮಾಡುತ್ತಾರೆ. ಮೇಲ್ಮನವಿಯ ವಿಚಾರಣೆ ಇನ್ನೂ ಆಗಿಲ್ಲ. ಮಗಳ ನೋಟ್ ಪುಸ್ತಕದಲ್ಲಿ ಈಗ ಹೊಸ ಪುಟ ಆರಂಭವಾಗಿದೆ. ಪ್ರತಿ ತಾರೀಕಿನ ಮುಂದೆ ಸಮಯ ಕೇಳಿದವರು ಯಾರೆಂಬುದನ್ನೂ ಆ ಸಹೋದರಿ ಬರೆಯುತ್ತಿದ್ದಾರೆ.

ನಿಮ್ಮಲ್ಲಿ ಯಾರದ್ದಾದರೂ ಇಂತಹ ಫೈಲು ನಡೆಯುತ್ತಿದ್ದರೆ ಬರುವ ಭಾನುವಾರ ಅಸರ್ ನಮಾಝಿನ ಬಳಿಕ ಪಕ್ಕದ ಕೋಣೆಗೆ ಬನ್ನಿರಿ. ಸಿ.ಎನ್.ಆರ್. ಸಂಖ್ಯೆ ತಿಳಿಯದಿದ್ದರೆ ವಕೀಲರಲ್ಲಿ ಕೇಳಿ ಬರೆದು ತನ್ನಿರಿ; ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ ಮರೆಯಬೇಡಿರಿ. ತಾರೀಕಿನ ದಿನ ನ್ಯಾಯಾಲಯಕ್ಕೆ ಕರೆದೊಯ್ಯಲು ರಿಕ್ಷಾ ಇರುವ ಇಬ್ಬರು ತರುಣರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಇನ್ನಿಬ್ಬರು ಬೇಕಾಗಿದ್ದಾರೆ.